ಸತ್ತವನ ಕಡತಕ್ಕೆ ಬಂದ ಉತ್ತರಗಳು

ಒಂಬತ್ತನೇ ಕಂತು

"ಎರಡೂ ಕೈ ಮೇಜಿನ ಮೇಲೆ ಇಡು," ಎಂದೆ.

ಕ್ಯಾಪ್ಟನ್ ಮಾಮಿರ್ಕುಲ್ ನನ್ನ ಮುಖ ನೋಡಿದ. ಇಪ್ಪತ್ತು ವರ್ಷಗಳಿಂದ ಬೇರೆಯವರಿಗೆ ಈ ಮಾತು ಹೇಳಿ ಅಭ್ಯಾಸವಾದವನು. ತನಗೇ ಯಾರೋ ಹೇಳಿದಾಗ ಹೇಗೆ ಕೂರಬೇಕೆಂದು ತಿಳಿಯದೆ ಒಂದು ಕ್ಷಣ ಒದ್ದಾಡಿದ.

"ಏನಣ್ಣ ಇದು, ನನ್ನ ಕೋಣೇಲಿ ನನ್ನನ್ನೇ ಅರೆಸ್ಟ್ ಮಾಡ್ತೀರಾ?"

"ಅರೆಸ್ಟೂ ಇಲ್ಲ, ಏನೂ ಇಲ್ಲ ಕಣೋ. ಈ ಕೀಲಿಮಣೆ ಯಾರೂ ಮುಟ್ಟಲಿಲ್ಲ ಅಂತ ನಾಳೆ ನೀನೇ ಸಾಕ್ಷಿ ಹೇಳ್ಬೇಕಾಗತ್ತೆ. ಇಡು."

ಅವನು ಚಹಾ ಬಟ್ಟಲಿನ ಎರಡು ಪಕ್ಕದಲ್ಲಿ ಎರಡು ಕೈಗಳನ್ನು ಇಟ್ಟ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಹೊರಗೆ ಬಿಷ್ಕೆಕ್‌ನ ಜನವರಿ ಹೊಗೆ ಕಿಟಕಿಗೆ ಬಂದು ಅಂಟಿಕೊಂಡಿತ್ತು. ಹಗಲಾದರೂ ದೀಪ ಹಾಕಿಕೊಂಡು ಕುಳಿತಿದ್ದೆವು.

ಹನ್ನೆರಡು ದಿನಗಳ ಹಿಂದೆ ಅನುವಾದಕ ಸೂಯುನ್ಬೆಕ್ ತನ್ನ ಮನೆಯ ಕೆಲಸದ ಕೋಣೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಅವನ ಗೆಳೆಯ ಎರ್ಮೆಕ್ ಕೊಲೆಗಾರನೆಂದು ಲಾಕಪ್ಪಿನಲ್ಲಿದ್ದ. ಈ ಮಧ್ಯಾಹ್ನ ಮೂರಕ್ಕೆ ನ್ಯಾಯಾಧೀಶರ ಮುಂದೆ ಆರೋಪಪಟ್ಟಿ ಹೋಗಲಿತ್ತು. ಹೋದರೆ ಹನ್ನೆರಡು ವರ್ಷ ಜೈಲಿಗೆ ಕಡಿಮೆಯಿಲ್ಲ.

ಕೋಣೆಯಲ್ಲಿ ನಾವು ನಾಲ್ವರು. ಮೇಜಿನ ಆಚೆ ಮಾಮಿರ್ಕುಲ್. ಒಂದು ಕಾಲದಲ್ಲಿ ನನ್ನ ಕೈಕೆಳಗೆ ತನಿಖೆ ಕಲಿತವನು, ಈಗ ನಿವೃತ್ತನಾದ ನನ್ನನ್ನು ಕಂಡರೆ ಹಳೆಯ ಹಲ್ಲುನೋವು ಮತ್ತೆ ಎದ್ದವನಂತೆ ಮುಖ ಮಾಡುತ್ತಾನೆ. ಈಚೆ ನಾನು, ಶಾರ್ಷೆನ್. ನನ್ನ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಜಿಪಾರ್. ಸೂಯುನ್ಬೆಕ್ ಕೆಲಸ ಮಾಡುತ್ತಿದ್ದ ಅನುವಾದ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುವವಳು.

ಬಾಗಿಲ ಬಳಿಯ ಕುರ್ಚಿಯಲ್ಲಿ ಬುರುಲ್ ಕುಳಿತಿದ್ದಳು. ಎರ್ಮೆಕ್‌ನ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಏಳು ವರ್ಷದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಇವಳೇ, ತಮ್ಮನನ್ನು ಬಿಡಿಸಿಕೊಡಿ ಎಂದು ನನ್ನ ಮನೆಗೆ ಬಂದು ನಿಂತವಳೂ ಇವಳೇ. ಲಾಕಪ್ಪಿಗೆ ಕೊಡಲೆಂದು ತಂದ ರೊಟ್ಟಿ ಮತ್ತು ಉಣ್ಣೆಯ ಕಾಲುಚೀಲದ ಗಂಟು ಅವಳ ತೊಡೆಯ ಮೇಲಿತ್ತು. ನಾನು ಅರ್ಜಿ ಕೊಟ್ಟು ಏರ್ಪಡಿಸಿದ ಈ ಪ್ರಯೋಗಕ್ಕೆ ಮನೆಯವರೊಬ್ಬರು ಸಾಕ್ಷಿಯಾಗಿ ಇರಲಿ ಎಂದು ಹಟ ಹಿಡಿದು ಅವಳನ್ನು ಒಳಗೆ ಕೂರಿಸಿದವನು ನಾನೇ.

ಮಾಮಿರ್ಕುಲ್‌ನ ಕೇಸು ನಿಂತಿದ್ದುದು ಒಂದೇ ಒಂದು ಸಮಯದ ಮೇಲೆ. ನಾಲ್ಕು ಗಂಟೆ ಹನ್ನೆರಡು ನಿಮಿಷ.

ಆ ದಿನ ಸೂಯುನ್ಬೆಕ್ ಗಣಿ ಕಾರ್ಮಿಕರ ಸುರಕ್ಷತೆಯ ಕೈಪಿಡಿಯನ್ನು ರಷ್ಯನ್ನಿನಿಂದ ಕಿರ್ಗಿಜ್‌ಗೆ ತರುತ್ತಿದ್ದ. ಅವನ ಕಡತ ನಾಲ್ಕೂ ಹನ್ನೆರಡರವರೆಗೆ ಬೆಳೆಯುತ್ತಲೇ ಇತ್ತು. ಹತ್ತು ನಿಮಿಷಕ್ಕೊಂದು ಪ್ಯಾರಾ, ಪ್ಯಾರಾ ಮುಗಿದ ಕೂಡಲೇ ಕಡತ ಉಳಿಸಿದ ಗುರುತು. ಎಲ್ಲದರ ಸಮಯವೂ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ನಾಲ್ಕೂ ಇಪ್ಪತ್ತಕ್ಕೆ ಎರ್ಮೆಕ್ ಮೆಟ್ಟಿಲು ಹತ್ತಿದ್ದನ್ನು ಎದುರಿನ ಔಷಧಿ ಅಂಗಡಿಯ ಕ್ಯಾಮೆರಾ ಹಿಡಿದಿತ್ತು. ನಾಲ್ಕೂ ನಲವತ್ತಕ್ಕೆ ಅವನೇ ಆಂಬುಲೆನ್ಸ್ ಕರೆದಿದ್ದ. ಹಿಂದಿನ ದಿನ ಅವರಿಬ್ಬರೂ ಕೂಗಾಡಿದ್ದನ್ನು ಇಡೀ ಕಟ್ಟಡ ಕೇಳಿಸಿಕೊಂಡಿತ್ತು.

ದೇಹ ಬಿದ್ದಿದ್ದುದು ಕೋಣೆ ಬಿಸಿ ಮಾಡುವ ರೇಡಿಯೇಟರಿನ ಸುಡುವ ಬುಡದಲ್ಲಿ. ಹಾಗಾಗಿ ದೇಹ ತಣಿದ ಲೆಕ್ಕ ಸಿಗದೆ ವೈದ್ಯರು ಒಂದರಿಂದ ಐದರೊಳಗೆ ಯಾವಾಗ ಬೇಕಾದರೂ ಸತ್ತಿರಬಹುದು ಎಂದು ಬರೆದು ಕೈತೊಳೆದುಕೊಂಡರು. ಅದನ್ನು ನಾಲ್ಕೂ ಹನ್ನೆರಡಕ್ಕೆ ತಂದು ಕಟ್ಟಿದ್ದು ಆ ಕಡತ.

ಆ ದಿನ ಒಂದರಿಂದ ಮೂರೂವರೆಯವರೆಗೆ ಎರ್ಮೆಕ್ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ಇಪ್ಪತ್ತೆರಡು ಮೇಷ್ಟ್ರುಗಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಸೂಯುನ್ಬೆಕ್ ಮೂರೂವರೆಗೆ ಮುಂಚೆ ಸತ್ತಿದ್ದರೆ ಎರ್ಮೆಕ್ ನಿರಪರಾಧಿ. ನಾನು ಸಾಧಿಸಬೇಕಿದ್ದುದು ಇಷ್ಟೇ. ಎರ್ಮೆಕ್ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆ ಸಂಜೆ ಅಲ್ಲಿಗೆ ಯಾಕೆ ಹೋದೆ ಎಂದು ಹನ್ನೆರಡು ದಿನ ಕೇಳಿದರೂ ಅವನಿಂದ ಒಂದು ಮಾತು ಹೊರಡಲಿಲ್ಲ.

"ಈಗ ನೋಡಿ ಕ್ಯಾಪ್ಟನ್," ಜಿಪಾರ್ ಪರದೆಯನ್ನು ಅವನತ್ತ ತಿರುಗಿಸಿದಳು. "ಇದು ಸೂಯುನ್ಬೆಕ್ ಅಣ್ಣನೂ ಎರ್ಮೆಕ್ ಅಣ್ಣನೂ ಸೇರಿ ಕಟ್ಟಿದ ಎಡಿಟರ್, ಬರೆಯೋಕೆ ತಿದ್ದೋಕೆ ಇರೋ ತಂತ್ರಾಂಶ. ನೀವು ಆಗಲೇ ಮೂರು ಪ್ಯಾರಾ ಆರಿಸಿ ಅನುವಾದ ಮಾಡೋ ಎಐ ಭಾಷಾ ಮಾದರಿಗೆ ಕಳಿಸಿದ್ರಿ, ಅಲ್ವಾ?"

"ಕಳಿಸ್ದೆ. ನೀನು ಒತ್ತು ಅಂದಲ್ಲಿ ಒತ್ತಿದೆ."

"ಆಮೇಲೆ ಮೇಲ್ಗಡೆ ನಿಮ್ಮ ಹೆಸರು ಬರೆದ್ರಿ. ಎರಡು ಸಾಲು ಬೇರೆ ಏನೋ ಸೇರಿಸಿದ್ರಿ. ಎಡಿಟರ್ ನಿಂತ್ಕೊಳ್ತಾ?"

"ಇಲ್ಲ."

"ಬೇರೆ ಎಡಿಟರ್‌ಗಳಲ್ಲಿ ಮಾದರಿಗೆ ಏನಾದ್ರೂ ಕೇಳಿದ್ರೆ ಉತ್ತರ ಬರೋವರೆಗೂ ಪರದೆ ಕಲ್ಲಾಗಿಬಿಡತ್ತೆ. ಒಂದಕ್ಷರ ಹೊಡೆಯೋಕಾಗಲ್ಲ. ಅದಕ್ಕೇ ಇವರಿಬ್ರೂ ಇದನ್ನ ಮಾಡಿದ್ದು. ಕೇಳಿಬಿಡೋದು, ನಮ್ಮ ಪಾಡಿಗೆ ನಾವು ಕೆಲಸ ಮಾಡ್ತಿರೋದು. ಕೇಳಿದ ಜಾಗದಲ್ಲಿ ಒಂದು ಗುರುತು ಉಳ್ಕೊಳತ್ತೆ. ಉತ್ತರ ಯಾವಾಗ ಬರತ್ತೋ ಆಗ ಆ ಗುರುತನ್ನ ಹುಡುಕ್ಕೊಂಡು ಹೋಗಿ ತಾನೇ ಕೂತ್ಕೊಳತ್ತೆ. ಕೂತಿದ್ದೇ ತಡ ಕಡತ ತಾನೇ ಉಳಿಸ್ಕೊಳತ್ತೆ."

"ಲಗ್ಮಾನ್ ಶ್ಯಾವಿಗೆ ಅಂಗಡಿ ಥರ," ಎಂದ ಮಾಮಿರ್ಕುಲ್. "ಹೇಳಿಬಿಟ್ಟು ಕೈ ತೊಳೆಯೋಕೆ ಹೋದ್ರೂ ತಟ್ಟೆ ಮೇಜಿಗೆ ಬಂದಿರತ್ತೆ."

"ಹೂಂ. ಮೇಜನ್ನ ನೀವು ಆಚೆಗೆ ಎಳೆದಿದ್ರೂ ಅಲ್ಲಿಗೇ ಬರತ್ತೆ."

"ಚೆನ್ನಾಗಿದೆ. ತಟ್ಟೆ ಎಲ್ಲಿ?"

ಪರದೆಯ ಮೇಲೆ ಮೂರು ಬೂದು ಗುರುತುಗಳು ಮಿನುಗುತ್ತಿದ್ದವು. ಉತ್ತರ ಮಾತ್ರ ಬರಲಿಲ್ಲ.

ಐದು ನಿಮಿಷ ಕಳೆಯಿತು. ಎಂಟು ನಿಮಿಷ ಕಳೆಯಿತು. ಜಿಪಾರ್ ತುಟಿ ಕಚ್ಚಿಕೊಂಡಳು. ಕಚೇರಿಯ ನೆಲಮಾಳಿಗೆಯಲ್ಲಿರುವ ಹಳೆಯ ಯಂತ್ರವೇ ಅವರ ಮಾದರಿಯನ್ನು ನಡೆಸುವುದು. ಆರು ಜನ ಅನುವಾದಕರಿಗೆ ಅದೊಂದೇ. ಚಳಿಗಾಲದಲ್ಲಿ ವಿದ್ಯುತ್ ಇಳಿದಾಗ ಅದು ಕುಂಟುತ್ತದೆ ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾಮಿರ್ಕುಲ್ ಒಂದು ಕೈ ಎತ್ತಿ ಚಹಾ ಪಾತ್ರೆಯನ್ನು ಹಿಡಿದ. ನನ್ನ ಬಟ್ಟಲಿಗೆ ಸುರಿದ. ಅಂಚಿನವರೆಗೂ, ತುಂಬಿ ತುಳುಕುವಷ್ಟು.

ಅರ್ಥವಾಗದವನಲ್ಲ ನಾನು. ನಮ್ಮಲ್ಲಿ ಕೂರಿಸಿಕೊಳ್ಳಬೇಕೆಂದಿರುವ ಅತಿಥಿಗೆ ಅರ್ಧ ಬಟ್ಟಲು ಸುರಿಯುತ್ತಾರೆ, ಮತ್ತೆ ಮತ್ತೆ ಸುರಿಯುತ್ತಾರೆ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದು. ನನ್ನಿಂದ ಕಲಿತವನು ನನಗೇ ತುಂಬಿಸಿ ಕೊಟ್ಟ. ಮೈಯೆಲ್ಲ ಉರಿಯಿತು.

"ಕೈ ಕೆಳಗಿಡು," ಎಂದೆ.

"ಅಣ್ಣ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನನಗೂ ಮೇಲಿನವರಿದ್ದಾರೆ. ಸತ್ತವನು ತಾನೇ ತಾನಾಗಿ ಎರಡೂವರೆ ಗಂಟೆ ಪುಸ್ತಕ ಬರೀತಾ ಕೂತಿದ್ದ ಅಂತ ನ್ಯಾಯಾಧೀಶರ ಮುಂದೆ ಹೇಳಿದ್ರೆ ನನ್ನನ್ನ ಆಸ್ಪತ್ರೆಗೆ ಕಳಿಸ್ತಾರೆ."

"ಬರೀತಾ ಇರಲಿಲ್ಲ. ಕೇಳಿಬಿಟ್ಟಿದ್ದ. ಎರಡಕ್ಕೂ ವ್ಯತ್ಯಾಸ ಇದೆ."

"ಕೇಳಿದ್ದಕ್ಕೆ ಉತ್ತರ ಬರ್ತಾ ಇತ್ತು ಅಂತೀರ. ಸರಿ. ಇಲ್ಲಿ ನಾನೂ ಕೇಳಿದೀನಿ. ಹತ್ತು ನಿಮಿಷ ಆಯ್ತು. ಎಲ್ಲಣ್ಣ ಉತ್ತರ?"

ಬಾಗಿಲ ಬಳಿ ಬುರುಲ್ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣು ಗಡಿಯಾರದ ಮೇಲಿತ್ತು. ನಾನು ಅತ್ತ ನೋಡದಿರಲು ಪ್ರಯತ್ನಿಸಿದೆ.

"ಉತ್ತರ ಬರೋವರೆಗೆ ಇನ್ನೊಂದು ವಿಷಯ ಮಾತಾಡೋಣ," ಎಂದು ಚೀಲದಿಂದ ಕಾಗದ ತೆಗೆದೆ. ಸೂಯುನ್ಬೆಕ್‌ನ ಕಡತದ ದಾಖಲೆ. ಮೂರು ರಾತ್ರಿ ನನ್ನ ಕಣ್ಣು ತಿಂದ ಕಾಗದ. "ನೀನು ಇದನ್ನ ಓದಿದೀಯಾ?"

"ಕೊನೆಯ ಸಾಲು ಓದಿದೀನಿ. ನಾಲ್ಕೂ ಹನ್ನೆರಡು."

"ಕೊನೆಯ ಸಾಲು ಓದೋ ಬುದ್ಧಿ ನಾನು ಕಲಿಸಿದ್ದಲ್ಲ. ಒಂದೂ ನಲವತ್ತೇಳರ ಮೇಲೆ ಕೈಯಿಟ್ಟು ಕೆಳಗೆ ಬಾ. ಮೊದಲು ಇಪ್ಪತ್ತನೇ ಪ್ಯಾರಾ ಬರತ್ತೆ. ಆಮೇಲೆ ಹದಿನೆಂಟನೇದು. ಆಮೇಲೆ ಇಪ್ಪತ್ತೆರಡು. ಆಮೇಲೆ ಹತ್ತೊಂಬತ್ತು. ಯಾವ ಮನುಷ್ಯ ಹೀಗೆ ಅನುವಾದ ಮಾಡ್ತಾನೆ?"

"ಅವರವರ ಅಭ್ಯಾಸ."

"ಬೆಳಗ್ಗೆಯೆಲ್ಲ ಒಂದು, ಎರಡು, ಮೂರು ಅಂತ ಕ್ರಮವಾಗಿ ಬಂದವನು ಊಟದ ಹೊತ್ತಿಗೆ ಕೋತಿ ಹಾಗೆ ಕುಣಿಯೋ ಅಭ್ಯಾಸ ಮಾಡ್ಕೊಂಡನಾ?"

ಜಿಪಾರ್ ಬಾಯಿ ಹಾಕಿದಳು. "ಯಂತ್ರ ಮೂರು ಮೂರು ಪ್ಯಾರಾ ಒಟ್ಟಿಗೆ ತಗೊಳತ್ತೆ. ಚಿಕ್ಕದು ಬೇಗ ಮುಗಿಯತ್ತೆ, ದೊಡ್ಡದು ನಿಧಾನ. ಕೇಳಿದ ಕ್ರಮದಲ್ಲೇ ಉತ್ತರ ಬರೋದಿಲ್ಲ. ಸೂಯುನ್ಬೆಕ್ ಅಣ್ಣ ಊಟಕ್ಕೆ ಏಳೋ ಮುಂಚೆ ಉಳಿದ ಪ್ಯಾರಾ ಎಲ್ಲಾನೂ ಒಂದೇ ಸಲ ಕಳಿಸಿಬಿಡೋರು. ಒಲೆ ಮೇಲಿಟ್ಟು ಬಂದೆ ಅನ್ನೋರು. ನಮ್ಮ ಕಚೇರೀಲಿ ಎಲ್ಲರೂ ಹಾಗೇ ಮಾಡ್ತೀವಿ. ಬೇರೆಯವರ ಕೆಲಸ ನಿಂತುಹೋಗತ್ತೆ ಅಂತ ನಾನು ಎಷ್ಟು ಸಲ ಜಗಳ ಆಡಿದೀನೋ."

"ಆ ದಿನ?" ಎಂದೆ.

"ಆ ದಿನ ಒಂದೂ ನಲವತ್ತರಿಂದ ನಲವತ್ತೇಳರೊಳಗೆ ಹದಿನಾಲ್ಕು ಕಳಿಸಿದಾರೆ. ನೆಲಮಾಳಿಗೆಯ ಯಂತ್ರದಲ್ಲೂ ಅದೇ ಹದಿನಾಲ್ಕು ಇದೆ, ಅದೇ ಸಮಯ ಇದೆ. ಅದಾದ ಮೇಲೆ ಅವರ ಕಂಪ್ಯೂಟರಿಂದ ಒಂದೂ ಬಂದಿಲ್ಲ."

ಮಾಮಿರ್ಕುಲ್ ಕಾಗದದ ಮೇಲೆ ಬೆರಳಿಟ್ಟು ಲೆಕ್ಕ ಮಾಡಿದ. ಹದಿಮೂರಕ್ಕೆ ಬಂದಾಗ ಹುಬ್ಬು ಗಂಟಾಯಿತು, ಹದಿನಾಲ್ಕನೆಯದು ನಾಲ್ಕೂ ಹನ್ನೆರಡಕ್ಕೆ ಬಂದು ನಿಂತಿತು.

"ಇರಬಹುದು," ಎಂದ. "ಯಂತ್ರ ಉತ್ತರ ಕಳಿಸ್ತಾ ಇತ್ತು. ಇವನು ಪಕ್ಕದಲ್ಲಿ ಕೂತು ನೋಡ್ತಾ ಇದ್ದ. ಜೀವಂತವಾಗಿ. ಯಾಕಾಗಬಾರದು?"

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ.

"ಸೂಯುನ್ಬೆಕ್‌ಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ," ಎಂದೆ. "ಪ್ರಪಂಚದಲ್ಲಿ ಅವನಿಗೆ ಒಂದೇ ಒಂದು ಹುಚ್ಚು. ಯಂತ್ರದ ಕಿರ್ಗಿಜ್ ಕಂಡ್ರೆ ಆಗ್ತಿರಲಿಲ್ಲ. ಅದು ಪ್ರತಿ ಪ್ಯಾರಾ ಶುರುವಿಗೂ 'ಮಾನ್ಯ ಕಾರ್ಮಿಕ ಬಂಧುಗಳೇ' ಅಂತ ಸೇರಿಸ್ತಿತ್ತು. ಗಣಿಯೊಳಗೆ ಅನಿಲ ಸೋರ್ತಿದೆ, ಓಡಿ ಅಂತ ಹೇಳೋ ಜಾಗದಲ್ಲೂ ಮಾನ್ಯ ಕಾರ್ಮಿಕ ಬಂಧುಗಳೇ! ಇವನು ಪ್ರತಿ ಸಲವೂ ಅದನ್ನ ಹೊಡೆದು ಹಾಕ್ತಿದ್ದ. ಬೆಳಗ್ಗೆಯಿಂದ ಬಂದ ಹದಿನೇಳು ಉತ್ತರ ನೋಡು. ಒಂದೊಂದೂ ಬಂದ ಎರಡು ಮೂರು ನಿಮಿಷಕ್ಕೆ ತಿದ್ದಿದಾನೆ. ಹದಿನೇಳಕ್ಕೆ ಹದಿನೇಳು."

"ಆಮೇಲಿನ ಹದಿನಾಲ್ಕು?"

"ಹದಿನಾಲ್ಕರಲ್ಲೂ ಮಾನ್ಯ ಕಾರ್ಮಿಕ ಬಂಧುಗಳು ಹಾಗೇ ಕೂತಿದಾರೆ. ಒಂದು ಅಕ್ಷರ ಮುಟ್ಟಿಲ್ಲ. ಎರಡೂವರೆ ಗಂಟೆ ಪಕ್ಕದಲ್ಲಿ ಕೂತು ಸುಮ್ಮನೆ ನೋಡೋ ಜಾತಿಯವನಲ್ಲ ಅವನು. ಅವನು ಬದುಕಿದ್ದಿದ್ರೆ ತಿದ್ದೇ ತಿದ್ದೋನು."

ಮಾಮಿರ್ಕುಲ್ ಕಾಗದವನ್ನು ಇನ್ನೊಮ್ಮೆ ಮೇಲಿನಿಂದ ಓದಿದ. ತನ್ನ ಬಟ್ಟಲನ್ನು ನೋಡಿದ. ನಾನು ಅವನಿಗೆ ಕಲಿಸಿದ್ದು ಪೂರ್ತಿ ಹಾಳಾಗಿಲ್ಲ ಎಂದು ಆಗ ನನಗೆ ಅನ್ನಿಸಿತು. ಅವನು ತಪ್ಪು ಮಾಡಿದವನು, ಆದರೆ ಸುಳ್ಳುಗಾರನಲ್ಲ.

"ಬಂತು!" ಜಿಪಾರ್ ಕೂಗಿದಳು.

ಮೂರರಲ್ಲಿ ನಡುವಿನ ಬೂದು ಗುರುತು ಅಳಿಸಿಹೋಯಿತು. ಆ ಜಾಗದಲ್ಲಿ ಅಕ್ಷರಗಳು ತಾವಾಗಿಯೇ ಮೂಡಿದವು, ಮೊದಲ ಸಾಲಿನಲ್ಲೇ ಮಾನ್ಯ ಕಾರ್ಮಿಕ ಬಂಧುಗಳೇ. ಮಾಮಿರ್ಕುಲ್ ಬರೆದಿದ್ದ ಹೆಸರು ಮೇಲೆ ಹಾಗೇ ಇತ್ತು. ಕೆಳಗಿನ ಮೂಲೆಯಲ್ಲಿ 'ಉಳಿಸಲಾಗಿದೆ, 12:04' ಎಂದು ತೋರಿತು. ಕ್ಯಾಪ್ಟನ್ನನ ಎರಡೂ ಕೈ ಮೇಜಿನ ಮೇಲೆಯೇ ಇದ್ದವು.

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಪರದೆ ನೋಡಿದ. ಆಮೇಲೆ ಮತ್ತೆ ಕೈ ನೋಡಿಕೊಂಡ.

"ಹಾಳಾದ್ದು," ಎಂದ ಮೆಲ್ಲಗೆ. "ನನ್ನ ಹೆಸರಲ್ಲಿ ಬರೀತಾ ಇದೆ."

ಎರಡನೆಯ ಉತ್ತರ ಹನ್ನೆರಡೂ ಒಂಬತ್ತಕ್ಕೆ ಬಂತು. ಮೂರನೆಯದು ಬರುವವರೆಗೂ ಅವನು ಕಾಯಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ ಹೊಗೆಯನ್ನು ನೋಡುತ್ತಾ ನಿಂತ. ನಾನು ನನ್ನ ತುಂಬಿದ ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದೆ.

"ಅಂದ್ರೆ ಒಂದೂ ನಲವತ್ತೇಳು," ಎಂದ ಕೊನೆಗೆ. "ಅವನು ಬದುಕಿದ್ದ ಅನ್ನೋದಕ್ಕೆ ನಮ್ಮ ಹತ್ರ ಇರೋ ಕೊನೆಯ ಗುರುತು ಅದು. ಮೊದಲ ಉತ್ತರ ಬಂದಿದ್ದು ಯಾವಾಗ?"

"ಒಂದೂ ಐವತ್ತೊಂದು," ಎಂದಳು ಜಿಪಾರ್. "ಇಪ್ಪತ್ತನೇ ಪ್ಯಾರಾ."

"ಅದನ್ನ ತಿದ್ದಿಲ್ಲ."

"ತಿದ್ದಿಲ್ಲ."

"ಆಗ ಎರ್ಮೆಕ್ ಶಾಲೇಲಿದ್ದ. ಇಪ್ಪತ್ತೆರಡು ಜನದ ಮುಂದೆ." ಅವನು ಈ ಕಡೆ ತಿರುಗಿದ. ಮುಖ ಇಳಿದುಹೋಗಿತ್ತು. "ಅಣ್ಣ, ಹನ್ನೆರಡು ದಿನ ಆ ಹುಡುಗನ್ನ ನಿದ್ದೆ ಮಾಡೋಕೆ ಬಿಟ್ಟಿಲ್ಲ ನಾನು."

"ಗೊತ್ತು. ಅವನ ಕಣ್ಣು ನೋಡಿದೀನಿ."

ಬುರುಲ್ ಆಗ ಮೊದಲ ಸಲ ಅತ್ತಳು. ಸದ್ದಿಲ್ಲ, ತಲೆಗೆ ಕಟ್ಟಿದ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಜಿಪಾರ್ ಹೋಗಿ ಅವಳ ಭುಜ ಹಿಡಿದುಕೊಂಡಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ಯಾರನ್ನಾದರೂ ಒಳಗೆ ಕಳಿಸಿದ್ದೇ ಹೆಚ್ಚು, ಹೊರಗೆ ತಂದದ್ದು ಕಡಿಮೆ. ಆ ಐದು ನಿಮಿಷ ನಾನು ನಿಜವಾಗಿ ಸಂತೋಷವಾಗಿದ್ದೆ.

ಅಷ್ಟರಲ್ಲಿ ಮೂರನೆಯ ಉತ್ತರವೂ ಬಂದಿತ್ತು. ಮಾಮಿರ್ಕುಲ್ ಕುಳಿತು ವರದಿ ಬರೆಯತೊಡಗಿದ. ಪ್ರಯೋಗ ನಡೆದ ಸಮಯ, ಮೂರು ಕೋರಿಕೆ, ಮೂರು ಉತ್ತರ, ಕೀಲಿಮಣೆ ಯಾರೂ ಮುಟ್ಟಿಲ್ಲ. ಎರಡು ಪುಟವಾಯಿತು. ಕೆಳಗೆ ಮೂರು ಸಹಿಗೆ ಜಾಗ ಬಿಟ್ಟ. ತನ್ನದನ್ನು ಹಾಕಿದ. ಜಿಪಾರ್ ಹಾಕಿದಳು. ನನ್ನ ಕನ್ನಡಕ ಕೋಟಿನ ಯಾವ ಜೇಬಿನಲ್ಲಿದೆ ಎಂದು ನಾನು ತಡಕಾಡುತ್ತಿದ್ದೆ.

"ಅಣ್ಣ, ನೀವು ಸಹಿ ಮಾಡೋವಷ್ಟರಲ್ಲಿ ಒಂದು ನೋಡ್ತೀನಿ," ಎಂದು ಅವನು ತನ್ನ ಕಂಪ್ಯೂಟರಿನತ್ತ ತಿರುಗಿದ. "ಔಷಧಿ ಅಂಗಡಿ ಕ್ಯಾಮೆರಾದ್ದು ಇಡೀ ದಿನದ್ದು ತಂದಿದ್ವಿ. ನಾಲ್ಕರಿಂದ ಐದು ಮಾತ್ರ ನೋಡಿದ್ದು. ಅವನು ನಾಲ್ಕೂ ಹನ್ನೆರಡಕ್ಕೆ ಬದುಕಿದ್ದ ಅಂದ್ಮೇಲೆ ಮಧ್ಯಾಹ್ನದ್ದು ನೋಡೋರು ಯಾರು? ಈಗ ನೋಡ್ಬೇಕಲ್ಲ, ಕೊಂದವನು ಒಂದರಿಂದ ಎರಡರೊಳಗೆ ಆ ಬಾಗಿಲಲ್ಲೇ ಹೋಗಿ ಬಂದಿರ್ಬೇಕು. ಆ ಕಟ್ಟಡಕ್ಕೆ ಇನ್ನೊಂದು ದಾರಿ ಇಲ್ಲ."

"ನೋಡು, ನೋಡು," ಎಂದೆ ಉತ್ಸಾಹದಿಂದ. ಆ ಉತ್ಸಾಹ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಪರದೆಯಲ್ಲಿ ಹಿಮ ಬಿದ್ದ ಅಂಗಳ, ಕಟ್ಟಡದ ಕಬ್ಬಿಣದ ಬಾಗಿಲು. ಒಂದೂ ಐದಕ್ಕೆ ಕೈಗಾಡಿ ಎಳೆದುಕೊಂಡು ಒಬ್ಬ ಮುದುಕಿ ಒಳಗೆ ಹೋದಳು. ಒಂದೂ ಇಪ್ಪತ್ತಕ್ಕೆ ಶಾಲೆ ಬಿಟ್ಟ ಮಕ್ಕಳು ಮೂವರು. ಮಾಮಿರ್ಕುಲ್ ವೇಗ ಹೆಚ್ಚಿಸಿದ. ಒಂದೂ ಮೂವತ್ತಾರಕ್ಕೆ ನಿಲ್ಲಿಸಿದ.

ಒಬ್ಬಳು ಹೆಂಗಸು. ಕಂದು ಕೋಟು. ಬಾಗಿಲಿನ ಗುಂಡಿ ಒತ್ತಿ ಕಾಯುತ್ತಾ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿದಳು. ಮುಖ ಪೂರ್ತಿ ಕ್ಯಾಮೆರಾಕ್ಕೆ ಬಿತ್ತು.

ಆ ಕೋಟು ನನ್ನ ಹಿಂದೆ, ಬಾಗಿಲ ಬಳಿಯ ಕುರ್ಚಿಯಲ್ಲೇ ಇತ್ತು.

ಮಾಮಿರ್ಕುಲ್ ಚಿತ್ರವನ್ನು ಮುಂದಕ್ಕೆ ಓಡಿಸಿದ. ಒಂದೂ ಐವತ್ತಕ್ಕೆ ಬಾಗಿಲು ತೆರೆಯಿತು. ಅದೇ ಹೆಂಗಸು ಹೊರಗೆ ಬಂದಳು. ಎರಡು ಹೆಜ್ಜೆ ನಡೆದು ಗೋಡೆ ಹಿಡಿದು ನಿಂತಳು, ಬಗ್ಗಿ ಒಂದು ಹಿಡಿ ಹಿಮ ತೆಗೆದು ಮುಖಕ್ಕೆ ಉಜ್ಜಿಕೊಂಡಳು, ಕೋಟಿನ ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡು ಹೋದಳು. ಎರಡೂವರೆಯವರೆಗೂ ಆ ಬಾಗಿಲಲ್ಲಿ ಮತ್ತೆ ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ.

ಹದಿನಾಲ್ಕು ಕೋರಿಕೆ ಹೋದದ್ದು ಒಂದೂ ನಲವತ್ತರಿಂದ ನಲವತ್ತೇಳರೊಳಗೆ. ಆಗೆಲ್ಲ ಇವಳು ಆ ಕಟ್ಟಡದ ಒಳಗಿದ್ದಳು.

ಆ ದಿನವೆಲ್ಲ ದೋರ್ದೋಯ್ ಬಜಾರಿನ ಅಂಗಡಿಯಲ್ಲಿ ಉಣ್ಣೆ ಚಪ್ಪಲಿ ಮಾರುತ್ತಿದ್ದೆ ಎಂದು ಬುರುಲ್ ನನಗೆ ಹೇಳಿದ್ದಳು. ನಾನು ಅಕ್ಕಪಕ್ಕದ ಅಂಗಡಿಯವರನ್ನು ಒಂದು ಮಾತು ಕೇಳಿರಲಿಲ್ಲ. ತಮ್ಮನಿಗಾಗಿ ನನ್ನ ಹೊಸ್ತಿಲ ಮೇಲೆ ಕುಸಿದವಳನ್ನು ಕೇಳಲು ಮನಸ್ಸು ಬಂದಿರಲಿಲ್ಲ. ಮಾಮಿರ್ಕುಲ್‌ಗೆ ಕೊನೆಯ ಸಾಲು ಮಾತ್ರ ಓದುತ್ತೀಯ ಎಂದು ಹಂಗಿಸಿದವನು, ನಾನು ಮೊದಲ ಸಾಲನ್ನೇ ಓದಿರಲಿಲ್ಲ.

ಎರ್ಮೆಕ್‌ನ ಬಾಯಿ ಹನ್ನೆರಡು ದಿನ ಯಾಕೆ ಮುಚ್ಚಿತ್ತು ಎಂಬುದು ಈಗ ಗೊತ್ತಾಯಿತು.

ಜಿಪಾರ್ ಬುರುಲ್‌ಳ ಭುಜದಿಂದ ಕೈ ತೆಗೆದಳು.

"ಬುರುಲಕ್ಕ," ಎಂದ ಮಾಮಿರ್ಕುಲ್. ಧ್ವನಿ ಏರಿಸಲಿಲ್ಲ. ಅವನು ಧ್ವನಿ ಏರಿಸದೆ ಮಾತಾಡಿದಾಗಲೇ ಹೆಚ್ಚು ಹೆದರಬೇಕು. "ಇದು ನೀವಾ?"

"ನಾನೇ."

"ಸೂಯುನ್ಬೆಕ್ ಮನೆಗೆ ಹೋಗಿದ್ರಾ?"

"ಹೋಗಿದ್ದೆ."

"ಫೋನು ಮಾಡಿದ್ದು ಯಾರಿಗೆ?"

ಗಂಟನ್ನು ಕುರ್ಚಿಯ ಮೇಲಿಟ್ಟು ಎದ್ದು ಮೇಜಿನ ಬಳಿಗೆ ಬಂದಳು. ಅತ್ತ ಕಣ್ಣು ಕೆಂಪಾಗಿತ್ತು. ವರದಿಯ ಎರಡು ಪುಟಗಳನ್ನು ನೋಡಿದಳು. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟ ಜಾಗವನ್ನು ನೋಡಿದಳು.

"ಕ್ಯಾಪ್ಟನ್, ಈ ಕಾಗದ ಹೋದ್ರೆ ನನ್ನ ತಮ್ಮ ಇವತ್ತೇ ಮನೆಗೆ ಬರ್ತಾನಾ?"

"ಮೂರಕ್ಕೆ ನ್ಯಾಯಾಧೀಶರ ಮುಂದೆ ಇಡ್ತೀನಿ. ನಾಲ್ಕಕ್ಕೆ ಹೊರಗಿರ್ತಾನೆ. ಶಾರ್ಷೆನ್ ಅಣ್ಣನ ಸಹಿ ಇಲ್ದೆ ನಡೆಯಲ್ಲ, ಪ್ರಯೋಗಕ್ಕೆ ಅರ್ಜಿ ಕೊಟ್ಟವರು ಅವರು."

"ಹಾಗಾದ್ರೆ ಸಹಿ ಹಾಕಿ ಅಣ್ಣ."

ನಾನು ಕನ್ನಡಕ ಹುಡುಕುವುದನ್ನು ಎಂದೋ ನಿಲ್ಲಿಸಿದ್ದೆ. "ಈ ಕಾಗದ ಹೋದ್ರೆ ನಿನ್ನ ಕಥೆ ಏನಾಗತ್ತೆ ಗೊತ್ತಾ ನಿನಗೆ?"

"ಮೊದಲನೇ ದಿನದಿಂದಲೂ ಗೊತ್ತು. ಗೊತ್ತಿದ್ದೇ ನಿಮ್ಮ ಹತ್ರ ಬಂದೆ. ಬೇರೆ ಯಾರೂ ಇದನ್ನ ಬಿಡಿಸ್ತಿರಲಿಲ್ಲ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ? ನಾನೇ ಹೋಗಿದ್ದೆ ಅಂತ ಅವತ್ತೇ ಹೇಳಿದ್ರೆ ಹನ್ನೆರಡು ದಿನ ಅವನು ಒಳಗೆ ಸಾಯ್ತಿರಲಿಲ್ಲವಲ್ಲ ತಾಯಿ!" ನನ್ನ ಧ್ವನಿ ನನಗೇ ಗೊತ್ತಾಗದಂತೆ ಏರಿತ್ತು. "ಅಲ್ಲಿ ಏನಾಯ್ತು? ನೀನು ತಳ್ಳಿದ್ಯಾ? ಹೊಡೆದ್ಯಾ? ಬಾಯಿ ಬಿಡು!"

"ಹೇಳ್ತೀನಿ. ಒಂದಕ್ಷರ ಬಿಡದೆ ಹೇಳ್ತೀನಿ, ಬರ್ಕೊಳ್ಳಿ. ಆದ್ರೆ ಈಗಲ್ಲ."

"ಯಾವಾಗ?"

"ಅವನು ಗೇಟಿನಿಂದ ಆಚೆ ಬಂದು, ಗಡಿ ದಾಟಿದ್ಮೇಲೆ."

ಮಾಮಿರ್ಕುಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ನಿರಪರಾಧಿ ಯಾಕಮ್ಮ ಗಡಿ ದಾಟ್ಬೇಕು?"

ಬುರುಲ್ ಅವನ ಕಡೆ ತಿರುಗಲೇ ಇಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ನನ್ನ ಬೆರಳುಗಳ ನಡುವೆ ಇಟ್ಟು, ತನ್ನ ಕೈಯಿಂದ ನನ್ನ ಕೈ ಮುಚ್ಚಿದಳು.

"ಸಹಿ ಹಾಕಿ ಅಣ್ಣ," ಎಂದಳು. "ಅಲ್ಲಿ ಏನಾಯ್ತು ಅಂತ ನಾನು ಈಗ ಹೇಳಿಬಿಟ್ರೆ, ಇಪ್ಪತ್ತೆರಡು ಜನ ಅಲ್ಲ, ಇನ್ನೂರು ಜನ ಸಾಕ್ಷಿ ಹೇಳಿದ್ರೂ ಅವನು ಹೊರಗೆ ಬರೋದಿಲ್ಲ."